ಹಳೆಯ ಕಾರಿನ ಸೀಟಿಗೆ ಹೊಸ ಬುಷ್

ಪ್ರಶ್ನೆ: ನಾನು ದುರಸ್ತಿ ಮಾಡುತ್ತಿರುವ ಹಳೆಯ ಕಾರಿನ ಸೀಟಿನ ಒರಗು ಅಲುಗಾಡುತ್ತಿದೆ. ಹಿಂಜ್‌ನ ನೈಲಾನ್ ಬುಷ್‌ಗಳು (ರಂಧ್ರದೊಳಗೆ ಕೂರುವ ಸಣ್ಣ ಬಳೆಗಳು) ಒಡೆದಿವೆ, ಒರಗನ್ನು ತಡೆದು ನಿಲ್ಲಿಸುವ ರಬ್ಬರ್ ಗುಂಡಿಗಳು ಕಲ್ಲಿನಂತಾಗಿವೆ. ಹೊಸ ಬುಷ್‌ಗಳು ರಂಧ್ರದಲ್ಲಿ ಕೂರುತ್ತಿಲ್ಲ. ಏನು ಮಾಡಬೇಕು?

ಉತ್ತರ: ದಯವಿಟ್ಟು ಸುತ್ತಿಗೆಯನ್ನು ದೂರವಿಡಿ. ಇಂತಹ ಸಂದರ್ಭಗಳಲ್ಲಿ ತೊಂದರೆ ಹೆಚ್ಚಾಗಿ ಬುಷ್‌ನಲ್ಲಲ್ಲ, ರಂಧ್ರದಲ್ಲಿರುತ್ತದೆ. ತುಕ್ಕು, ಬಣ್ಣದ ಪದರ ಮತ್ತು ಹಳೆಯ ನೈಲಾನ್ ಚೂರುಗಳು ಅಂಚಿಗೆ ಅಂಟಿಕೊಂಡು ಅದನ್ನು ಕಿರಿದಾಗಿಸಿರುತ್ತವೆ. ಎಮರಿ ಪೇಪರಿನಿಂದ ಅಂಚನ್ನು ಉಜ್ಜಿ ಶುಚಿಗೊಳಿಸಿರಿ. ಬುಷ್ ಅನ್ನು ಕೆಲವು ನಿಮಿಷ ಬಿಸಿನೀರಿನಲ್ಲಿಟ್ಟು ಮೆತ್ತಗಾಗಿಸಿ, ಉದ್ದನೆಯ ಬೋಲ್ಟ್ ಮತ್ತು ಎರಡು ಅಗಲವಾದ ವಾಷರ್‌ಗಳ ನಡುವೆ ಹಿಡಿದು ನಟ್ಟನ್ನು ನಿಧಾನವಾಗಿ ಬಿಗಿಸುತ್ತ ಹೋದರೆ, ಅದು ಓರೆಯಾಗದೆ ಒಳಸರಿಯುತ್ತದೆ. ಒಂದು ಬದಿಯದು ಚೆನ್ನಾಗಿ ಕಂಡರೂ ಎರಡನ್ನೂ ಬದಲಾಯಿಸುವುದು ಲೇಸು.

ರಬ್ಬರ್ ಗುಂಡಿಗಳಿಗೆ ಸಾಬೂನು ನೀರು ಸಾಕು. ಎಂಜಿನ್ ಆಯಿಲ್ ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಸೀಟನ್ನು ಮರಳಿ ಕೂರಿಸುವಾಗ ಸೀಟು ಹಿಂದೆ ಮುಂದೆ ಜಾರುವ ಎರಡೂ ಹಳಿಗಳು ಒಂದೇ ಹಲ್ಲಿನಲ್ಲಿ ಲಾಕ್ ಆಗಿರುವುದನ್ನು ಖಚಿತಪಡಿಸಿಕೊಂಡು, ನಾಲ್ಕೂ ಬೋಲ್ಟ್‌ಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಅನಂತರವಷ್ಟೇ ಕಾರಿನ ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆಗೆ) ಬಿಗಿಗೊಳಿಸಿರಿ. ಅಪಘಾತದಲ್ಲಿ ಸೀಟು ಕಿತ್ತುಬರದಂತೆ ಹಿಡಿಯುವುದು ಈ ಬೋಲ್ಟ್‌ಗಳೇ ಆದ್ದರಿಂದ, ಎಳೆ ಸವೆದವನ್ನು ಮತ್ತೆ ಬಳಸಬೇಡಿ.