ಹಾಲು, ಗೋಧಿ ಬಿಡಿಸಿದರೆ ಮಾತು ಬರುತ್ತಾ?

ಆಟಿಸಂ ಇರುವ ಮಕ್ಕಳ ಊಟದ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ, ಹೆಸರು ಬಿಟ್ಟು, ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ನಾನು ಆಹಾರತಜ್ಞೆ. ಔಷಧಿಯ ಪ್ರಮಾಣ ಎಷ್ಟು ಅನ್ನುವುದನ್ನು ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ನಾಲ್ಕು ವರ್ಷ, ಆಟಿಸಂ ಇದೆ. ಹಾಲು ಮತ್ತು ಗೋಧಿ ಎರಡನ್ನೂ ಪೂರ್ತಿ ಬಿಡಿಸಿದರೆ ಮಾತು ಬರುತ್ತದೆ ಅಂತ ಪೋಷಕರ ಗುಂಪಿನಲ್ಲಿ ಎಲ್ಲರೂ ಹೇಳುತ್ತಾರೆ. ಅವನು ತಿನ್ನುವುದೇ ಬ್ರೆಡ್, ಬಿಸ್ಕತ್ತು, ಹಾಲು, ಬಾಳೆಹಣ್ಣು. ನಿಲ್ಲಿಸಿಬಿಡಲಾ?

ಬೇಡ. ನಿಮ್ಮ ಪಟ್ಟಿಯಿಂದ ಹಾಲು, ಗೋಧಿ ತೆಗೆದರೆ ಉಳಿಯುವುದು ಬಾಳೆಹಣ್ಣು ಒಂದೇ, ಅಲ್ವಾ? 'ಹಸಿವಾದರೆ ತಾನೇ ತಿಂತಾನೆ ಬಿಡಿ' ಅನ್ನುವ ಮಾತು ಈ ಮಕ್ಕಳ ವಿಷಯದಲ್ಲಿ ಎಷ್ಟೋ ಸಲ ನಿಜವಾಗುವುದಿಲ್ಲ. ವಾಸನೆ, ಬಣ್ಣ, ಬಾಯಿಗೆ ಮೆತ್ತಗೆ ಸಿಗುತ್ತದೋ ಗರಿಗರಿ ಸಿಗುತ್ತದೋ ಅನ್ನುವುದು ಅವರಿಗೆ ನಮಗಿಂತ ಜಾಸ್ತಿ ತಟ್ಟುತ್ತದೆ. ಒಳಗಿರುವ ಬಿಸ್ಕತ್ತು ಅದೇ ಆದರೂ ಪ್ಯಾಕೆಟ್ಟಿನ ಬಣ್ಣ ಬದಲಾಯಿತು ಅಂತ ಮುಟ್ಟದ ಮಕ್ಕಳಿದ್ದಾರೆ. ತಾನಾಗಿಯೇ ಅರ್ಧ ಊಟ ಬಿಟ್ಟಿರುವ ಮಗುವಿನಿಂದ ನಾವು ಇನ್ನರ್ಧ ಕಿತ್ತುಕೊಳ್ಳಬೇಕಾದರೆ ಅದಕ್ಕೆ ಗಟ್ಟಿ ಕಾರಣ ಬೇಕು. ಈ ಪಥ್ಯಕ್ಕೆ ಅಂಥ ಕಾರಣ ಸಿಕ್ಕಿಲ್ಲ.

ಇದು ಎಲ್ಲಿಂದ ಶುರುವಾಯಿತು ಅಂತ ಹೇಳಿಬಿಡುತ್ತೇನೆ. 1979ರಲ್ಲಿ ಜಾಕ್ ಪ್ಯಾಂಕ್‌ಸೆಪ್ ಎಂಬ ನರವಿಜ್ಞಾನಿ, ಆಟಿಸಂನ ಕೆಲವು ಲಕ್ಷಣಗಳು ಅಫೀಮಿನ ಜಾತಿಯ ಮದ್ದುಗಳ ಪರಿಣಾಮದಂತೆ ಕಾಣುತ್ತವೆ ಅಂದರು. ಆಮೇಲೆ ಅದಕ್ಕೆ ಇನ್ನೊಂದು ಊಹೆ ಸೇರಿತು. ಗೋಧಿಯ ಗ್ಲುಟೆನ್, ಹಾಲಿನ ಕೇಸಿನ್ ಅನ್ನುವ ಪ್ರೋಟೀನುಗಳು ಸರಿಯಾಗಿ ಜೀರ್ಣವಾಗದೆ ಸಣ್ಣ ಸಣ್ಣ ಚೂರುಗಳಾಗಿ ಉಳಿಯುತ್ತವೆ, ಕರುಳಿನಿಂದ ಸೋರಿ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಿ ಅಫೀಮಿನ ಹಾಗೆ ಕೆಲಸ ಮಾಡುತ್ತವೆ, ಮೂತ್ರದಲ್ಲೂ ಸಿಗುತ್ತವೆ ಅಂತ. ಕೇಳುವುದಕ್ಕೆ ಎಲ್ಲ ಕೊಂಡಿಯೂ ಸರಿಯಾಗಿ ಕೂತ ಹಾಗಿದೆ. ಆದರೆ ಮುಂದೆ ಒಳ್ಳೆಯ ಉಪಕರಣಗಳಲ್ಲಿ ಮೂತ್ರ ಪರೀಕ್ಷೆ ಮಾಡಿದಾಗ ಆ ಚೂರುಗಳು ಈ ಮಕ್ಕಳಲ್ಲಿ ಕಾಣಲೇ ಇಲ್ಲ. ಊಹೆಯ ಬುಡ ಅಲ್ಲಿಗೇ ಅಲ್ಲಾಡಿತು, ಪಥ್ಯ ಮಾತ್ರ ಉಳಿದುಕೊಂಡಿತು.

ಪಥ್ಯವನ್ನೇ ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇಷ್ಟ, ಯಾಕಂದರೆ ಅದನ್ನು ಬಹಳ ಜಾಣತನದಿಂದ ಮಾಡಿದ್ದಾರೆ. ಚಿಕ್ಕ ಮಕ್ಕಳಿಗೆ ಮೊದಲು ಕೆಲವು ವಾರ ಹಾಲು, ಗೋಧಿ ಎರಡೂ ಬಿಡಿಸಿದರು. ಆಮೇಲೆ ಪಥ್ಯ ನಡೆಯುತ್ತಿರುವಾಗಲೇ ವಾರಕ್ಕೊಮ್ಮೆ ಒಂದು ತಿಂಡಿ ಕೊಟ್ಟರು. ಒಂದು ವಾರದ ತಿಂಡಿಯಲ್ಲಿ ಗೋಧಿ, ಇನ್ನೊಂದು ವಾರ ಹಾಲು, ಮತ್ತೊಂದು ಸಲ ಎರಡೂ, ಒಂದು ಸಲ ಯಾವುದೂ ಇಲ್ಲ. ಯಾವ ವಾರ ಏನಿತ್ತು ಅಂತ ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಮಗುವನ್ನು ಗಮನಿಸುವವರಿಗೂ ಗೊತ್ತಿಲ್ಲ. ನಡವಳಿಕೆ, ನಿದ್ದೆ, ಮಲವಿಸರ್ಜನೆ ಎಲ್ಲ ಬರೆದಿಟ್ಟು ಕೊನೆಗೆ ಗುಟ್ಟು ಬಿಚ್ಚಿ ನೋಡಿದರೆ ವ್ಯತ್ಯಾಸವೇ ಇಲ್ಲ. ಕೊನೆಯವರೆಗೆ ಉಳಿದವರು 14 ಮಕ್ಕಳು ಮಾತ್ರ, ಸಣ್ಣ ಅಧ್ಯಯನ, ಅದನ್ನು ಒಪ್ಪುತ್ತೇನೆ. ಆದರೆ 'ಹಾಲು ಕುಡಿದ ಮರುದಿನ ರಂಪ' ಅನ್ನುವಷ್ಟು ದೊಡ್ಡ ಪರಿಣಾಮ ಇದ್ದಿದ್ದರೆ ಅಷ್ಟು ಮಕ್ಕಳಲ್ಲೂ ಕಾಣಬೇಕಿತ್ತು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಕೂಡ, ಆಟಿಸಂನ ಮೂಲ ಲಕ್ಷಣಗಳಿಗೆ ಅಂತ ಈ ಪಥ್ಯ ಬಳಸಬೇಡಿ ಅಂತಲೇ ಹೇಳುತ್ತದೆ.

ನಷ್ಟ ಏನು ಅಂತ ಕೇಳಿದರೆ, ಮೂಳೆ. 2008ರಲ್ಲಿ ಆಟಿಸಂ ಇರುವ 4ರಿಂದ 8 ವರ್ಷದ ಹುಡುಗರ ಕೈಯ ಎಕ್ಸ್‌ರೇ ತೆಗೆದು ನೋಡಿದ್ದರು. ಅವರ ಮೂಳೆಯ ಹೊರಪದರ ಇರಬೇಕಾದ್ದಕ್ಕಿಂತ ತೆಳ್ಳಗಿತ್ತು, ಹಾಲು ಬಿಟ್ಟಿದ್ದ ಹುಡುಗರಲ್ಲಿ ಈ ಕೊರತೆ ಹೆಚ್ಚುಕಡಿಮೆ ಎರಡರಷ್ಟಿತ್ತು.

ಇನ್ನೊಂದು ಮುಖ್ಯ ಮಾತು. ಆಟಿಸಂ ಇರುವ ಮಗುವಿಗೆ ಸೀಲಿಯಾಕ್ ಕಾಯಿಲೆಯೋ (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಹಾಲಿನ ಅಲರ್ಜಿಯೋ ಇರಬಾರದು ಅಂತೇನಿಲ್ಲ. ಇದ್ದರೆ ಪಥ್ಯ ಬೇಕೇ ಬೇಕು, ಎಲ್ಲ ಮಕ್ಕಳಿಗೆ ಬೇಕಾದ ಹಾಗೆ. ತೂಕ ಏರುತ್ತಿಲ್ಲ, ಪದೇ ಪದೇ ಭೇದಿ, ಹೊಟ್ಟೆ ಉಬ್ಬರ, ರಕ್ತಹೀನತೆ ಇದ್ದರೆ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿ. ಆದರೆ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು! ಮೊದಲು ಬಿಡಿಸಿ ಆಮೇಲೆ ಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ಫಲಿತಾಂಶ ನಾರ್ಮಲ್ ಅಂತ ಬರಬಹುದು.

ಪ್ರಶ್ನೆ: ಸಂಶೋಧನೆ ಏನೇ ಹೇಳಲಿ, ನಮ್ಮ ಮಗಳಿಗೆ ಹಾಲು ಬಿಡಿಸಿದ ಮೇಲೆ ಸುಧಾರಿಸಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಅದು ಸುಳ್ಳಾ?

ಸುಳ್ಳು ಅನ್ನುವುದಿಲ್ಲ. ನೀವು ನೋಡಿದ್ದು ನಿಜ. ಕಾರಣ ಮಾತ್ರ ಬೇರೆ ಇರಬಹುದು.

ಸೀಕ್ರಿಟಿನ್ ಅಂತ ಒಂದು ಹಾರ್ಮೋನಿದೆ, ಜೀರ್ಣಾಂಗಕ್ಕೆ ಸಂಬಂಧಿಸಿದ್ದು. 1998ರಲ್ಲಿ ಹೊಟ್ಟೆಯ ಪರೀಕ್ಷೆಗಾಗಿ ಅದರ ಇಂಜೆಕ್ಷನ್ ಪಡೆದ ಮೂರು ಮಕ್ಕಳಲ್ಲಿ ಆಟಿಸಂ ಲಕ್ಷಣಗಳು ಕಡಿಮೆಯಾದವು ಅನ್ನುವ ವರದಿ ಬಂತು, ಪೋಷಕರು ಮುಗಿಬಿದ್ದರು. ಮರುವರ್ಷವೇ ಸರಿಯಾದ ಪ್ರಯೋಗ ನಡೆಯಿತು. ಅರ್ಧ ಮಕ್ಕಳಿಗೆ ಸೀಕ್ರಿಟಿನ್, ಅರ್ಧ ಮಕ್ಕಳಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್. ಎರಡೂ ಗುಂಪಿನಲ್ಲಿ ಸುಮಾರು 30% ಮಕ್ಕಳು ಸುಧಾರಿಸಿದ್ದರು. ಉಪ್ಪುನೀರಿನಿಂದ! ಫಲಿತಾಂಶ ಹೇಳಿದ ಮೇಲೂ 69% ಪೋಷಕರು ನಮಗೆ ಸೀಕ್ರಿಟಿನ್ ಬೇಕು ಅಂದರಂತೆ. ನಾನು ಅವರನ್ನು ನಗುವುದಿಲ್ಲ. ಮಕ್ಕಳು ಬೆಳೆಯುತ್ತಲೇ ಇರುತ್ತಾರೆ, ಒಳ್ಳೆಯ ವಾರ ಕೆಟ್ಟ ವಾರ ಬರುತ್ತವೆ, ಏನೋ ಶುರು ಮಾಡಿದಾಗ ನಾವು ಒಳ್ಳೆಯದನ್ನೇ ಹುಡುಕುತ್ತೇವೆ, ಜೊತೆಗೆ ಅದೇ ಹೊತ್ತಿಗೆ ಸ್ಪೀಚ್ ಥೆರಪಿಯೂ ನಡೆಯುತ್ತಿರುತ್ತದೆ.

ನಿಮ್ಮ ಮಗಳ ವಿಷಯದಲ್ಲಿ ಇನ್ನೂ ಸರಳ ಕಾರಣ ಇರಬಹುದು. ದಿನಕ್ಕೆ ಆರೇಳು ಲೋಟ ಹಾಲು ಕುಡಿಯುತ್ತಿದ್ದಳು ಅಂತ ಬರೆದಿದ್ದೀರಿ. ಅಷ್ಟು ಹಾಲು ಕುಡಿದ ಮಗುವಿಗೆ ಊಟ ಸೇರುವುದಿಲ್ಲ, ಕಬ್ಬಿಣದ ಅಂಶ ಇಳಿಯುತ್ತದೆ, ಮಲ ಗಟ್ಟಿಯಾಗುತ್ತದೆ. ಹೊಟ್ಟೆ ಕಟ್ಟಿಕೊಂಡು ನೋವು ತಿನ್ನುತ್ತಿರುವ, ಆದರೆ ನೋವು ಅಂತ ಹೇಳಲು ಬಾರದ ಮಗು ಕಿರುಚದೆ ಇನ್ನೇನು ಮಾಡಬೇಕು? ಹಾಲು ನಿಂತಿತು, ಹೊಟ್ಟೆ ಸಡಿಲವಾಯಿತು, ರಾತ್ರಿ ನಿದ್ದೆ ಬಂತು, ಮನೆಯವರಿಗೆ ಬೇರೆ ಮಗು ಕಂಡಿತು. ಇದು ನಿಜವಾದ ಲಾಭವೇ. ಆದರೆ ಅದಕ್ಕೆ ಹಾಲು ಎರಡು ಲೋಟಕ್ಕೆ ಇಳಿದಿದ್ದರೂ ಸಾಕಿತ್ತು, ಮಲಬದ್ಧತೆಗೆ ಡಾಕ್ಟರ್ ಕೊಡುವ ಔಷಧಿಯೂ ಇದೆ. ಅಂದಹಾಗೆ ಈ ಮಕ್ಕಳಲ್ಲಿ ಮಲಬದ್ಧತೆ ಬೇರೆ ಮಕ್ಕಳಿಗಿಂತ ಜಾಸ್ತಿ.

ಹಾಲಿಲ್ಲದೆಯೇ ಮುಂದುವರಿಸುತ್ತೀರಾದರೆ ಕ್ಯಾಲ್ಸಿಯಂ ಎಲ್ಲಿಂದ ಅಂತ ಬರೆದಿಡಿ. ಅಕ್ಕಿ, ಬಾದಾಮಿಯಿಂದ ಮಾಡಿದ 'ಹಾಲು' ಬಿಳಿಯಾಗಿದೆ ಅಷ್ಟೇ, ಪ್ರೋಟೀನ್ ಬಹಳ ಕಮ್ಮಿ, ಕ್ಯಾಲ್ಸಿಯಂ ಬೆರೆಸಿದ್ದಾರೋ ಇಲ್ಲವೋ ಲೇಬಲ್ ಓದಿಯೇ ತಿಳಿಯಬೇಕು. ನಿಜಕ್ಕೂ ಹಾಲೇ ಕಾರಣವಾ ಅಂತ ತಿಳಿಯುವ ಆಸೆ ಇದ್ದರೆ, ಒಂದೆರಡು ವಾರ ಮತ್ತೆ ಸ್ವಲ್ಪ ಹಾಲು ಕೊಟ್ಟು ನೋಡಿ, ಅವಳ ಟೀಚರಿಗೂ ಥೆರಪಿಸ್ಟಿಗೂ ಹೇಳಬೇಡಿ. ಅವರಿಗೆ ಏನಾದರೂ ವ್ಯತ್ಯಾಸ ಕಂಡಿತಾ ಅಂತ ಆಮೇಲೆ ಕೇಳಿ. ಹಾಲಿನ ಅಲರ್ಜಿ ಇರುವ ಮಗುವಾದರೆ ಮಾತ್ರ ಇದನ್ನು ಮನೆಯಲ್ಲಿ ಮಾಡಬೇಡಿ.

ಪ್ರಶ್ನೆ: ಮಗನಿಗೆ ಬಿ6-ಮೆಗ್ನೀಸಿಯಂ, ಮೀನೆಣ್ಣೆ, ವಿಟಮಿನ್ ಡಿ, ಸತು, ಪ್ರೊಬಯಾಟಿಕ್, ಒಂದು ಮಲ್ಟಿವಿಟಮಿನ್ ಕೊಡುತ್ತಿದ್ದೇವೆ. ವಿಟಮಿನ್ ತಾನೇ, ಉಪಯೋಗ ಆಗದಿದ್ದರೂ ತೊಂದರೆ ಇಲ್ಲ ಅಲ್ವಾ?

ತೊಂದರೆ ಇದೆ. 2016ರಲ್ಲಿ ಲಂಡನ್ನಿನ ಡಾಕ್ಟರುಗಳು ಒಂದು ಪ್ರಕರಣ ಪ್ರಕಟಿಸಿದರು. ಆಟಿಸಂ ಇರುವ ನಾಲ್ಕು ವರ್ಷದ ಹುಡುಗ. ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ, ಕೆಲವೇ ವಾರದಲ್ಲಿ 3 ಕಿಲೋ ತೂಕ ಇಳಿದಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು. ಬದಲಿ ಚಿಕಿತ್ಸೆಯ ಹೆಸರಿನಲ್ಲಿ ಅವನಿಗೆ ಹನ್ನೆರಡು ಬಗೆಯ ಪೂರಕಗಳು ನಡೆಯುತ್ತಿದ್ದವು, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸೇರಿ, ಒಂಟೆ ಹಾಲೂ ಇತ್ತು. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದರು. ಅದೃಷ್ಟಕ್ಕೆ ಮಗು ಚೇತರಿಸಿಕೊಂಡಿತು.

ಹಾಗಾಗಿ ಮೊದಲ ಕೆಲಸ: ಎಲ್ಲ ಬಾಟಲಿಗಳನ್ನೂ ಮೇಜಿನ ಮೇಲಿಟ್ಟು, ಒಂದು ಹಾಳೆಯಲ್ಲಿ ಪ್ರತಿ ವಿಟಮಿನ್ ಒಟ್ಟು ಎಷ್ಟಾಯಿತು ಅಂತ ಕೂಡಿಸಿ. ಡಿ ಅಂಶ ಡಿ ಬಾಟಲಿಯಲ್ಲೂ ಇರುತ್ತದೆ, ಮಲ್ಟಿವಿಟಮಿನ್‌ನಲ್ಲೂ ಇರುತ್ತದೆ, ಮೀನಿನ ಲಿವರ್ ಎಣ್ಣೆಯಾದರೆ ಅದರಲ್ಲೂ, ಜೊತೆಗೆ ವಿಟಮಿನ್ ಎ ಕೂಡ. ಎ ಮತ್ತು ಡಿ ಜಾಸ್ತಿಯಾದರೆ ಮೂತ್ರದಲ್ಲಿ ಸುಲಭವಾಗಿ ಹೋಗಿಬಿಡುವುದಿಲ್ಲ, ಮೈಯಲ್ಲಿ ಕೂಡಿಕೊಳ್ಳುತ್ತವೆ. ಬಿ6 ನೀರಿನಲ್ಲಿ ಕರಗುತ್ತದೆ, ಅದಕ್ಕೇ ಎಷ್ಟಾದರೂ ಆಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ, ದಿನಾ ದೊಡ್ಡ ಪ್ರಮಾಣ ತಿಂಗಳುಗಟ್ಟಲೆ ಹೋದರೆ ಕೈಕಾಲಿನ ನರಗಳಿಗೇ ಏಟು. ಅಮೆರಿಕದವರ ಮಿತಿ 4ರಿಂದ 8 ವರ್ಷದವರಿಗೆ ದಿನಕ್ಕೆ 40 ಮಿಲಿಗ್ರಾಂ, ಯುರೋಪಿನವರು 2023ರಲ್ಲಿ ದೊಡ್ಡವರಿಗೇ 12 ಮಿಲಿಗ್ರಾಂಗೆ ಇಳಿಸಿದ್ದಾರೆ. ನಿಮ್ಮ ಬಾಟಲಿಯ ಮೇಲಿನ ಸಂಖ್ಯೆ ನೋಡಿ. ಆಟಿಸಂಗೆ ಬಿ6-ಮೆಗ್ನೀಸಿಯಂ ಸಹಾಯ ಮಾಡುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ, ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ 2005ರಲ್ಲೇ ಹೇಳಿದೆ. ಮೀನೆಣ್ಣೆಯಿಂದ ದೊಡ್ಡ ಅಪಾಯವೂ ಇಲ್ಲ, ದೊಡ್ಡ ಲಾಭವೂ ಕಂಡಿಲ್ಲ.

ಪೂರಕ ಯಾವಾಗ ಬೇಕು? ಕೊರತೆ ಇದ್ದಾಗ. ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಡಿ, ಬಿ12 ನೋಡಿಸಿ, ಕಡಿಮೆ ಇದ್ದದ್ದನ್ನು ಕೊಡಿ. ಫೆರಿಟಿನ್ ಅಂದರೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನು. ಅದು ಇಳಿದ ಮಕ್ಕಳು ರಾತ್ರಿ ಹೊರಳಾಡುತ್ತಾರೆ, ಕೆಲವರು ಮಣ್ಣು, ಕಾಗದ ತಿನ್ನುತ್ತಾರೆ. ಆಟಿಸಂನಿಂದ ಅಂತ ಸುಮ್ನೆ ಬಿಟ್ಟುಬಿಡುವ ಲಕ್ಷಣಗಳು ಇವು, ಕಬ್ಬಿಣ ಕೊಟ್ಟರೆ ಕಡಿಮೆಯಾಗಬಹುದು. ಆದರೆ ಕಬ್ಬಿಣದ ಬಾಟಲಿ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ, ಮಗು ಒಟ್ಟಿಗೆ ಕುಡಿದರೆ ಪ್ರಾಣಕ್ಕೆ ಅಪಾಯ.

ಪ್ರಶ್ನೆ: ಮಗ ರಾತ್ರಿ ಒಂದು ಗಂಟೆಯಾದರೂ ಮಲಗುವುದಿಲ್ಲ. ಮೆಲಟೋನಿನ್ ಗಮ್ಮಿ ತರಿಸಲಾ?

ಮೆಲಟೋನಿನ್ ಅಂದರೆ ನಿದ್ದೆಯ ಹೊತ್ತಾಯಿತು ಅಂತ ಮೈಗೆ ತಿಳಿಸುವ ಹಾರ್ಮೋನು. ಇಡೀ ಪಟ್ಟಿಯಲ್ಲಿ ಸ್ವಲ್ಪ ಗಟ್ಟಿ ಆಧಾರ ಇರುವುದು ಇದಕ್ಕೇ, ಅದೂ ನಿದ್ದೆಗೆ ಮಾತ್ರ. ಆದರೆ ಮಿಠಾಯಿಯ ಹಾಗೆ ಅಗಿಯುವ ಗಮ್ಮಿ ಬೇಡ. 2023ರಲ್ಲಿ ಅಮೆರಿಕದಲ್ಲಿ ಮಾರುವ 25 ಬಗೆಯ ಗಮ್ಮಿ ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿಗೂ ಒಳಗಿರುವುದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಬರೆದಿದ್ದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ, ಇನ್ನೊಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಡಾಕ್ಟರ್ ಚೀಟಿ ಬರೆಸಿಕೊಂಡು ಔಷಧಿಯಾಗಿಯೇ ತನ್ನಿ. ಮೊದಲು ಫೆರಿಟಿನ್ ನೋಡಿಸಿ, ಮಲಗುವ ಮುಂಚಿನ ಸ್ಕ್ರೀನ್ ನಿಲ್ಲಿಸಿ.

ಪ್ರಶ್ನೆ: ಕೂದಲು ಪರೀಕ್ಷೆಯಲ್ಲಿ ಪಾದರಸ ಜಾಸ್ತಿ ಅಂತ ಬಂದಿದೆ, ಐಜಿಜಿ ಪರೀಕ್ಷೆಯಲ್ಲಿ ನಲವತ್ತು ಆಹಾರ ಆಗುವುದಿಲ್ಲ ಅಂತ ಬಂದಿದೆ. ಕೀಲೇಶನ್ ಮಾಡಿಸಿ ಅನ್ನುತ್ತಾರೆ.

ಮಾಡಿಸಬೇಡಿ. ಕೀಲೇಶನ್ ಅಂದರೆ ಮೈಯಲ್ಲಿರುವ ಲೋಹವನ್ನು ಮದ್ದು ಕೊಟ್ಟು ಹೊರಗೆ ಹಾಕಿಸುವ ಚಿಕಿತ್ಸೆ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಹುಡುಗನೊಬ್ಬ ಇದೇ ಚಿಕಿತ್ಸೆಯಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ತೀರಿಕೊಂಡ. ಐಜಿಜಿ ಅಂದರೆ ಆ ಆಹಾರವನ್ನು ಮೈ ನೋಡಿದೆ ಅನ್ನುವುದರ ಗುರುತು, ಅಲರ್ಜಿಯ ಗುರುತಲ್ಲ. ಹಾಗಾಗಿ ಮಗು ಏನನ್ನು ಜಾಸ್ತಿ ತಿನ್ನುತ್ತದೋ ಅದೇ ಆ ಪಟ್ಟಿಯಲ್ಲಿ ಬರುವುದು. ಆ ನಲವತ್ತನ್ನೂ ಮತ್ತೆ ತಟ್ಟೆಗೆ ತನ್ನಿ.

ಪ್ರಶ್ನೆ: ಆರು ವರ್ಷದ ಮಗಳು ವರ್ಷದಿಂದ ಚಿಪ್ಸ್, ಬಿಸ್ಕತ್ತು, ಬಿಳಿ ಅನ್ನ ಬಿಟ್ಟು ಏನೂ ಮುಟ್ಟುತ್ತಿಲ್ಲ. ಈಗ ಎರಡು ವಾರದಿಂದ ಕುಂಟುತ್ತಿದ್ದಾಳೆ, ಎತ್ತಿಕೋ ಅನ್ನುತ್ತಾಳೆ. ಥೆರಪಿಸ್ಟ್ ಹಟ ಅನ್ನುತ್ತಾರೆ.

ಅಮ್ಮಾ, ಇದನ್ನು ಓದಿದ ದಿನವೇ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. (ನಿಮಗೆ ಬೇರೆಯಾಗಿಯೂ ಬರೆದಿದ್ದೇನೆ.) ಕುಂಟುವುದಕ್ಕೆ ಕಾರಣ ಹಲವು ಇರಬಹುದು, ಎಲ್ಲವನ್ನೂ ನೋಡಬೇಕು. ಆದರೆ ಹಣ್ಣು ತರಕಾರಿ ಮುಟ್ಟದ ಮಗು ಕಾಲು ನೋವು ಅಂತ ನಡೆಯುವುದನ್ನೇ ಬಿಟ್ಟರೆ ವಿಟಮಿನ್ ಸಿ ಕೊರತೆಯ ಸ್ಕರ್ವಿ ಮೊದಲು ನೆನಪಿಗೆ ಬರಬೇಕು. ಹಳೆಯ ಕಾಲದ ನಾವಿಕರ ಕಾಯಿಲೆ ಅಂತ ಡಾಕ್ಟರುಗಳೂ ಮರೆತಿರುತ್ತಾರೆ, ಆಟಿಸಂ ಇರುವ ಮಕ್ಕಳಲ್ಲಿ ಇದು ಮತ್ತೆ ಮತ್ತೆ ವರದಿಯಾಗಿದೆ, ಮೂಳೆಯ ಸ್ಕ್ಯಾನ್ ಎಲ್ಲ ಮಾಡಿದ ಮೇಲೆ ಕೊನೆಗೆ ಊಟದ ಬಗ್ಗೆ ಕೇಳಿದಾಗ ಪತ್ತೆಯಾಗುವುದು. ಒಸಡು ಊದಿದೆಯಾ, ಹಲ್ಲುಜ್ಜುವಾಗ ರಕ್ತ ಬರುತ್ತದಾ, ಕಾಲ ಮೇಲೆ ಸಣ್ಣ ಕೆಂಪು ಚುಕ್ಕೆ ಇವೆಯಾ ನೋಡಿ. ಸಂಜೆ ಮಬ್ಬಿನಲ್ಲಿ ತಡವರಿಸುತ್ತಾಳಾ ಅದನ್ನೂ ಹೇಳಿ, ವಿಟಮಿನ್ ಎ ಕೊರತೆಯಿಂದ ಕಣ್ಣಿಗೆ ಪೆಟ್ಟು ಬಿದ್ದ ಮಕ್ಕಳೂ ಇದ್ದಾರೆ. ಅವಳು ತಿನ್ನುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅವರ ಕೈಗೇ ಕೊಡಿ.

ಸ್ಕರ್ವಿಯೇ ಆಗಿದ್ದರೆ ವಿಟಮಿನ್ ಸಿ ಕೊಟ್ಟ ಕೆಲವೇ ದಿನಗಳಲ್ಲಿ ನೋವು ಇಳಿಯಲು ಶುರುವಾಗುತ್ತದೆ. ಊಟ ಹೆಚ್ಚಿಸುವ ಕೆಲಸ ಆಮೇಲಿನದು, ನಿಧಾನದ್ದು: ಅವಳು ತಿನ್ನುವ ಚಿಪ್ಸಿನ ಪಕ್ಕದಲ್ಲೇ ಅದೇ ಆಕಾರದ ಬೇರೊಂದು ಗರಿಗರಿ ತಿಂಡಿಯ ಒಂದೇ ಒಂದು ತುಂಡು ಇಡಿ, ತಿನ್ನು ಅಂತ ಹೇಳಲೂ ಬೇಡಿ, ಮುಟ್ಟಿದರೂ ಮೂಸಿದರೂ ಸಾಕು, ನಾಳೆ ಮತ್ತೆ ಇಡಿ. ವಿಟಮಿನ್ ಪುಡಿಯನ್ನು ಅವಳ ಬಿಸ್ಕತ್ತಿಗೋ ಅನ್ನಕ್ಕೋ ಕದ್ದು ಬೆರೆಸಬೇಡಿ, ರುಚಿ ಬದಲಾಯಿತು ಅಂತ ಗೊತ್ತಾದರೆ ಆ ಮೂರರಲ್ಲಿ ಒಂದನ್ನೂ ಬಿಟ್ಟುಬಿಡುತ್ತಾಳೆ.