ನೀಲವ್ವ ಯಾವ ಸೀಮೆಯವಳು?

ನಮಸ್ಕಾರ.

ಪ್ರಕಟಣೆಗೆಂದು ನೀವು ಕಳಿಸಿದ ಕಥೆಯನ್ನು ಓದಿದೆ. ಎತ್ತು ಮಾರುವ ಪ್ರಸಂಗ ಚೆನ್ನಾಗಿ ಬಂದಿದೆ. ಕೊಂಡವನು ಹಗ್ಗಕ್ಕೆ ಕೈಹಾಕುವ ಮೊದಲೇ ಮುದುಕಿ ನೀಲವ್ವ ಎತ್ತಿನ ಕೊರಳಿನ ಗೆಜ್ಜೆಸರ ಬಿಚ್ಚಿಕೊಳ್ಳುವ ವಿವರ ಮನಸ್ಸಿಗೆ ತಟ್ಟಿತು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕಾರಣ, ನೀಲವ್ವನ ಮಾತು.

‘ಹಳ್ಳಿಯ ಸೊಗಡಿಗಾಗಿ ಗ್ರಾಮ್ಯ ಭಾಷೆ ಬಳಸಿದ್ದೇನೆ’ ಎಂದು ಪತ್ರದಲ್ಲಿ ಬರೆದಿದ್ದೀರಿ. ಯಾವ ಹಳ್ಳಿಯ ಸೊಗಡು? ಕಥೆ ನಡೆಯುವುದು ಗದಗಿನ ಸೀಮೆಯಲ್ಲಿ. ಎರೆಹೊಲ, ಜೋಳದ ರೊಟ್ಟಿ ಎಲ್ಲವೂ ಅಲ್ಲಿನವೇ. ಆದರೆ ಮುದುಕಿ ಮೊಮ್ಮಗನಿಗೆ ಹೇಳುವುದು ಹೀಗೆ: ‘ಯಾಕ್ಲಾ ಮಗ, ಮನ್ಯಾಗ ಆಲು ಐತೆ, ಕುಡ್ದು ಒಂಟೋಗು.’

ಈ ಸಾಲಿನಲ್ಲಿ ಗದಗಿಗೆ ಸೇರಿದ್ದು ‘ಮನ್ಯಾಗ’ ಒಂದೇ. ‘ಯಾಕ್ಲಾ’ದ ‘ಲಾ’ ಮಂಡ್ಯ-ಮೈಸೂರಿನ ಕಡೆಯದು. ಹಕಾರ ಬಿಟ್ಟು ಹಾಲನ್ನು ‘ಆಲು’ ಎನ್ನುವುದೂ, ‘ಐತೆ’, ‘ಒಂಟೋಗು’ ಎನ್ನುವುದೂ ಆ ಕಡೆಯವರೇ. ಗದಗಿನ ಅಜ್ಜಿಯಾದರೆ ‘ಯಾಕೋ ಯಪ್ಪಾ, ಮನ್ಯಾಗ ಹಾಲ ಐತಿ, ಕುಡದ ಹೋಗು’ ಎಂದಾಳು. ‘ಐತೆ’ಗೂ ‘ಐತಿ’ಗೂ ಏನು ಮಹಾ ಅಂತರ ಎಂದು ಕೇಳಬೇಡಿ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಬಾಯಿಂದ ಆ ಒಂದು ಸ್ವರ ಬಿದ್ದರೆ ಸಾಕು, ಅವರು ಯಾವ ಕಡೆಯವರೆಂದು ಕನ್ನಡಿಗರಿಗೆ ತಿಳಿಯುತ್ತದೆ.

ಮೂರನೆಯ ಪುಟದ ‘ಅವ ಬರಾಕ ಹತ್ತಾವ್ನೆ’ ಎಂಬ ಮಾತು ನನಗೆ ಇನ್ನೂ ಕಸಿವಿಸಿ ತಂದಿತು. ಇದನ್ನು ಯಾರೂ ಎಲ್ಲಿಯೂ ಆಡುವುದಿಲ್ಲ. ಧಾರವಾಡ-ಗದಗಿನ ಕಡೆ ‘ಬರಾಕತ್ತಾನ’, ಮಂಡ್ಯದ ಕಡೆ ‘ಬತ್ತಾವ್ನೆ’. ಮೊದಲನೆಯದು ‘ಹತ್ತು’ ಧಾತುವಿನಿಂದ ಆದದ್ದು, ಎರಡನೆಯದು ‘ಇರು’ವಿನಿಂದ. ಎರಡೂ ನಿಯಮಬದ್ಧ ವ್ಯಾಕರಣಗಳು. ಶಿಷ್ಟ ಕನ್ನಡದ ಪದಗಳನ್ನು ಅಲ್ಲಲ್ಲಿ ಮುರಿದರೆ ಆಡುಮಾತು ಹುಟ್ಟುವುದಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ‘ಕನ್ನಡಂಗಳ್’ ಎಂದು ಬಹುವಚನ ಬಳಸಿದೆ. ದೇಸಿಗಳು ಬೇರೆ ಬೇರೆಯಾದ್ದರಿಂದ ಅವುಗಳ ದೋಷಗಳನ್ನು ಇಷ್ಟೇ ಎಂದು ಅರಿಯಲಾರದೆ ವಾಸುಕಿಯೂ ಬೇಸರಗೊಳ್ಳುತ್ತಾನೆ ಎನ್ನುತ್ತದೆ. ನೀವು ಅಷ್ಟನ್ನೂ ಒಂದೇ ‘ಗ್ರಾಮ್ಯ’ ಮಾಡಿಬಿಟ್ಟಿದ್ದೀರಿ.

ನಾನು ಈ ಕೆಲಸ ಕಲಿತದ್ದು ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ. ಉತ್ತರದ ಕಡೆಯ ಕಥೆ ಬಂದರೆ, ಜೋಡಿಸುವವರು ಅಭ್ಯಾಸಬಲದಿಂದ ‘ಮನ್ಯಾಗ’ವನ್ನು ‘ಮನೆಯಲ್ಲಿ’ ಮಾಡಿಬಿಡುತ್ತಿದ್ದರು. ಕರಡಚ್ಚನ್ನು ಹಸ್ತಪ್ರತಿಯೊಂದಿಗೆ ಹೋಲಿಸುವುದು ನನ್ನ ಪಾಲಿನ ಕೆಲಸ. ಸಂಭಾಷಣೆಯನ್ನು ಕಣ್ಣಿನಲ್ಲಿ ಓದಲು ನಮ್ಮ ಹಿರಿಯ ಸಂಪಾದಕರು ಬಿಡುತ್ತಿರಲಿಲ್ಲ. ಗಟ್ಟಿಯಾಗಿ ಓದಿಸುತ್ತಿದ್ದರು. ಬಾಗಲಕೋಟೆಯ ಕಡೆಯ ಮುದ್ರಣಾಲಯದ ಹುಡುಗನೊಬ್ಬನನ್ನು ಎದುರಿಗೆ ಕೂರಿಸಿ, ‘ನಿಮ್ಮ ಊರಲ್ಲಿ ಹೀಗೆ ಅನ್ನುತ್ತಾರೇನಪ್ಪ?’ ಎಂದು ಕೇಳುತ್ತಿದ್ದರು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದರೆ ಲೇಖಕರಿಗೆ ಕಾಗದ ಹೋಗುತ್ತಿತ್ತು. ಇಂದಿಗೂ ನನ್ನ ಮೇಜಿನ ಮೇಲೆ ಬಂದ ಸಂಭಾಷಣೆಯನ್ನು ಗಟ್ಟಿಯಾಗಿ ಓದದೆ ನಾನು ಮುಂದಕ್ಕೆ ಕಳಿಸುವುದಿಲ್ಲ.

ಇನ್ನೊಂದು ವಿಷಯ ನನಗೆ ನಿಜಕ್ಕೂ ನೋವು ತಂದಿತು. ನಿಮ್ಮ ಕಥೆಯಲ್ಲಿ ಆಡುಮಾತು ಇರುವುದು ನೀಲವ್ವನಿಗೆ ಮತ್ತು ಆಳುಗಳಿಗೆ ಮಾತ್ರ. ಅವಳ ಹೊಟ್ಟೆಯಲ್ಲೇ ಹುಟ್ಟಿದ ಮಗ, ಶಾಲೆಯ ಹೆಡ್‌ಮಾಸ್ಟರ್, ಅದೇ ಒಲೆಯ ಮುಂದೆ ಕುಳಿತು ‘ಅಮ್ಮ, ನನಗೆ ಇನ್ನೊಂದು ರೊಟ್ಟಿಯನ್ನು ಬಡಿಸು’ ಎನ್ನುತ್ತಾನೆ. ಗದಗಿನ ಯಾವ ಮೇಷ್ಟರು ತಾಯಿಯ ಎದುರು ಹೀಗೆ ಮಾತಾಡುತ್ತಾರೆ? ‘ಯವ್ವಾ, ಇನ್ನೊಂದ ರೊಟ್ಟಿ ಹಾಕು’ ಎಂದೇ ಕೇಳುತ್ತಾರೆ. ಪಾಠ ಮಾಡುವಾಗ ಅವರ ಕನ್ನಡ ಬೇರೆ, ಪಡಸಾಲೆಯಲ್ಲಿ ಬೇರೆ. ಆ ಬದಲಾವಣೆಯನ್ನು ಹಿಡಿದಿದ್ದರೆ ತಾಯಿ-ಮಗನ ನಡುವಿನ ದೂರವನ್ನು ನೀವು ಬೇರೆಯಾಗಿ ವಿವರಿಸಬೇಕಿರಲಿಲ್ಲ. ಈಗಿರುವಂತೆ, ಆಡುಮಾತು ಬಡತನದ, ಅನಕ್ಷರತೆಯ ಗುರುತಾಗಿ ನಿಂತುಬಿಟ್ಟಿದೆ. ನೀವು ಹಾಗೆ ಉದ್ದೇಶಿಸಿಲ್ಲ ಎಂದು ನಂಬುತ್ತೇನೆ. ದೇವನೂರ ಮಹಾದೇವ ತಮ್ಮ ‘ಕುಸುಮಬಾಲೆ’ ಕಾದಂಬರಿಯಲ್ಲಿ ನಂಜನಗೂಡು ಸೀಮೆಯ ನುಡಿಯನ್ನು ಪಾತ್ರಗಳ ಬಾಯಿಗಷ್ಟೇ ಕೊಡದೆ, ನಿರೂಪಣೆಗೂ ಅದನ್ನೇ ತಂದರು. ನೀವೂ ಹಾಗೆಯೇ ಬರೆಯಬೇಕೆಂದಲ್ಲ. ನಿರೂಪಣೆ ಶಿಷ್ಟ ಕನ್ನಡದಲ್ಲೇ ಇರಲಿ. ಆದರೆ ಒಂದೇ ಮನೆಯವರಿಗೆ ಒಂದೇ ಮನೆಮಾತು ಇರಬೇಕು.

ನಿಮ್ಮ ತಾಯಿಯ ತವರು ಗದಗಿನ ಕಡೆ ಎಂದು ಬರೆದಿದ್ದೀರಿ. ಸಂಭಾಷಣೆಗಳನ್ನಷ್ಟೇ ಅವರ ಎದುರು ಗಟ್ಟಿಯಾಗಿ ಓದಿ, ಅವರು ತಡೆದಲ್ಲೆಲ್ಲ ಗುರುತು ಹಾಕಿಕೊಳ್ಳಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ. ಕಥೆಯ ಕೊನೆಯ ಭಾಗದ ಬಗ್ಗೆಯೂ ಹೇಳುವುದಿದೆ, ಅದನ್ನು ಆಗ ಬರೆಯುತ್ತೇನೆ.