ಸೋಂಕು ಏರುತ್ತಿರುವಾಗ ಪ್ರವಾಸ ಹೋದರೆ ತಪ್ಪಾ?

ನಿಮ್ಮ ಪ್ರಶ್ನೆ ಇಷ್ಟು: ಸಾಂಕ್ರಾಮಿಕ ಇನ್ನೂ ಮುಗಿದಿಲ್ಲ, ಆದರೆ ವಿಮಾನಗಳು ಓಡಾಡುತ್ತಿವೆ, ಸರ್ಕಾರವೂ ತಡೆದಿಲ್ಲ. ನಿಮಗೆ ಲಸಿಕೆ ಆಗಿದೆ, ವಯಸ್ಸೂ ಚಿಕ್ಕದು. ಹೋಟೆಲಿಗೆ ಅಡ್ವಾನ್ಸ್ ಬೇರೆ ಕೊಟ್ಟಾಗಿದೆ. ಒಂದು ವಾರ ಸುತ್ತಾಡಿ ಬಂದರೆ ತಪ್ಪೇನು?

ಸೋಂಕು ಏರುತ್ತಿರುವ ಹೊತ್ತಾದರೆ ದಯವಿಟ್ಟು ಹೋಗಬೇಡಿ. ಇಳಿದ ಮೇಲೆ ಹೋಗಬಹುದು, ಅದಕ್ಕೂ ಸ್ವಲ್ಪ ತಯಾರಿ ಬೇಕು.

‘ಬಂದರೆ ನನಗೆ ತಾನೇ ಬರೋದು’ ಅಂತ ಜಾಸ್ತಿ ಜನ ಹೇಳುತ್ತಾರೆ. ಕೋವಿಡ್‌ನಲ್ಲಿ ನಾವು ನೋಡಿದ್ದೇ ಬೇರೆ. ಜ್ವರ, ಕೆಮ್ಮು ಶುರುವಾಗುವ ಒಂದೆರಡು ದಿನ ಮೊದಲೇ ಅದು ಪಕ್ಕದವರಿಗೆ ದಾಟುತ್ತಿತ್ತು. ಕೆಲವರಿಗೆ ಲಕ್ಷಣವೇ ಕಾಣಲಿಲ್ಲ. ಲಸಿಕೆ ಲಕ್ಷಾಂತರ ಜೀವ ಉಳಿಸಿತು ನಿಜ, ಆದರೆ ಹಾಕಿಸಿಕೊಂಡವರಿಂದ ಹರಡುವುದು ಪೂರ್ತಿ ನಿಲ್ಲಲಿಲ್ಲ. ಅಂದರೆ ‘ನಾನು ಚೆನ್ನಾಗಿದ್ದೀನಿ’ ಅನ್ನುವುದು ನಿಮ್ಮ ಮೈ ಹೇಳುವ ಮಾತು. ಹತ್ತಿರ ಕೂತವರಿಗೆ ಅದರಿಂದ ಯಾವ ಗ್ಯಾರಂಟಿಯೂ ಇಲ್ಲ.

2020ರ ಮಾರ್ಚ್‌ನಲ್ಲಿ ಆಸ್ಟ್ರಿಯಾದ ಇಶ್‌ಗಲ್ ಅನ್ನುವ ಪುಟ್ಟ ಊರಲ್ಲಿ ಆಗಿದ್ದನ್ನು ನೋಡಿ. ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆ ಹೆಸರಾದ ಜಾಗ ಅದು. ಅಲ್ಲಿಂದ ವಾಪಸ್ ಬಂದವರಲ್ಲಿ ಸೋಂಕು ಕಂಡ ಐಸ್‌ಲ್ಯಾಂಡ್, ಮಾರ್ಚ್ 5ಕ್ಕೇ ಅದನ್ನು ಅಪಾಯದ ಜಾಗಗಳ ಪಟ್ಟಿಗೆ ಸೇರಿಸಿತು. ಆದರೂ ಊರಿನ ಬಾರುಗಳು ತಕ್ಷಣ ಮುಚ್ಚಲಿಲ್ಲ, ಜನರೂ ಬರುತ್ತಲೇ ಇದ್ದರು. 13ರಂದು ಇಡೀ ಕಣಿವೆಗೆ ಕ್ವಾರಂಟೈನ್ ಅಂದಾಗ, ಪ್ರವಾಸಿಗರೆಲ್ಲ ಗಡಿಬಿಡಿಯಲ್ಲಿ ಗಂಟುಮೂಟೆ ಕಟ್ಟಿ ಬಸ್ಸು, ರೈಲು, ವಿಮಾನ ಹತ್ತಿ ತಮ್ಮ ತಮ್ಮ ದೇಶಕ್ಕೆ ಹೊರಟರು. ಸೋಂಕು ಯುರೋಪಿನ ಎಷ್ಟೋ ಊರುಗಳಿಗೆ ಅವರ ಜೊತೆಗೇ ಹೋಯಿತು. ಅವರಲ್ಲಿ ಕೆಟ್ಟವರು ಯಾರಿದ್ದರು? ರಜೆ ಕಳೆಯಲು ಬಂದಿದ್ದ ನಮ್ಮಂಥ ಜನ. ಅಲ್ಲಿಗೆ ಹೋಗಬಾರದು ಅಂತ ಅವರಲ್ಲಿ ಎಷ್ಟೋ ಮಂದಿಗೆ ಯಾರೂ ಹೇಳಿರಲೇ ಇಲ್ಲ. ಅದಕ್ಕೇ ‘ಸರ್ಕಾರ ತಡೆದಿಲ್ಲವಲ್ಲ’ ಅನ್ನುವ ಒಂದೇ ಧೈರ್ಯದಲ್ಲಿ ಹೊರಡಬೇಡಿ ಅನ್ನುತ್ತೇನೆ. ನಿಯಮ ಬರುವಷ್ಟರಲ್ಲಿ ಸೋಂಕು ಎಷ್ಟೋ ಮುಂದೆ ಹೋಗಿರುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಹೋಟೆಲಿನಲ್ಲಿ ಕೆಲಸ ಮಾಡುವವರ ವಿಷಯ. ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ನೀವು ರಾತ್ರಿಯಿಡೀ ಮಲಗಿದ ರೂಮು. ಬೆಳಗ್ಗೆ ನೀವು ಆಚೆ ಹೋದ ಹತ್ತು ನಿಮಿಷಕ್ಕೆ ಒಬ್ಬ ಹೆಂಗಸು ಒಳಗೆ ಬರುತ್ತಾಳೆ. ಹಾಸಿಗೆಯ ಬಟ್ಟೆ ಕೊಡವುತ್ತಾಳೆ, ಒದ್ದೆ ಟವಲ್ ಎತ್ತುತ್ತಾಳೆ, ಬಾತ್‌ರೂಮು ತಿಕ್ಕುತ್ತಾಳೆ. ಅದೇ ಗಾಳಿ ಉಸಿರಾಡುತ್ತಾಳೆ. ‘ನಾವು ಹೋಗದಿದ್ದರೆ ಅವರ ಹೊಟ್ಟೆಪಾಡು ಏನು?’ ಅಂತ ನೀವು ಕೇಳಬಹುದು. ಸುಳ್ಳಲ್ಲ, ಪ್ರವಾಸ ನಿಂತಾಗ ಎಷ್ಟೋ ಮನೆಗಳಲ್ಲಿ ಸಂಪಾದನೆಯೇ ನಿಂತುಹೋಯಿತು. ಆದರೆ ‘ಇವತ್ತು ನಾನು ಆ ರೂಮಿಗೆ ಹೋಗಲ್ಲ’ ಅಂತ ಹೇಳುವ ಸ್ಥಿತಿಯಲ್ಲಿ ಅವಳಿಲ್ಲ. ನಿಮಗೆ ಬೇಡ ಅನ್ನುವ ಅವಕಾಶ ಇದೆ. ಹೊಣೆ ನಿಮ್ಮ ಮೇಲೆ ಜಾಸ್ತಿ ಬೀಳುವುದು ಇದರಿಂದಲೇ.

ಇನ್ನೊಂದು ಲೆಕ್ಕ ಹಾಕಿ. ಪ್ರವಾಸದ ಮೂರನೇ ದಿನ ಜ್ವರ ಬಂತು ಅಂದುಕೊಳ್ಳಿ. ಎಲ್ಲಿ ಉಳಿಯುತ್ತೀರಿ? ಊಟ ಯಾರು ತಂದಿಡುತ್ತಾರೆ? ಉಸಿರಾಟ ಕಷ್ಟವಾದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ? ಪ್ರವಾಸಿ ಜಾಗಗಳಲ್ಲಿ ಬಹಳಷ್ಟು ಕಡೆ ಆಸ್ಪತ್ರೆ ಚಿಕ್ಕದು, ಅಲ್ಲಿನ ಜನಕ್ಕೆ ಸಾಕಾಗುವಷ್ಟು ಹಾಸಿಗೆ ಮಾತ್ರ. ಇದಕ್ಕೆಲ್ಲ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ, ಕಾಯಿಲೆ ಇಟ್ಟುಕೊಂಡೇ ವಾಪಸ್ ವಿಮಾನ ಹತ್ತುತ್ತೀರಿ. ಜ್ವರದ ಮಾತ್ರೆ ನುಂಗಿ ತಪಾಸಣೆ ದಾಟಿದವರೂ ಇದ್ದರು. ಅದನ್ನು ನಾನು ಕ್ಷಮಿಸಲಾರೆ.

ಕಾಯಿಲೆ ಬಿದ್ದ ಅಮ್ಮನನ್ನು ನೋಡಲು, ಚಿಕಿತ್ಸೆಗೆ, ಕೆಲಸ ಉಳಿಸಿಕೊಳ್ಳಲು ಹೋಗುವವರಿಗೆ ಈ ಮಾತು ಯಾವುದೂ ಅಲ್ಲ. ಅವರು ಹೋಗಲೇಬೇಕು. ಅವರ ಪಕ್ಕದ ಸೀಟು ಖಾಲಿ ಇದ್ದರೆ ಅವರಿಗೇ ಒಳ್ಳೆಯದು.

ಸೋಂಕು ಇಳಿದ ಮೇಲೆ ಹೋಗುವುದಾದರೆ ಗಾಳಿಯಾಡುವ ಜಾಗ ಆರಿಸಿಕೊಳ್ಳಿ. ಹೊರಡುವ ದಿನ ಟೆಸ್ಟ್ ಮಾಡಿಸಿಕೊಳ್ಳಿ. ಅಕಸ್ಮಾತ್ ಅಲ್ಲೇ ಉಳಿಯಬೇಕಾಗಿ ಬಂದರೆ ಅಂತ ಒಂದು ವಾರದ ಖರ್ಚು, ರಜೆ ಎರಡನ್ನೂ ಪಕ್ಕಕ್ಕಿಡಿ. ವಾಪಸ್ ಬಂದ ಮೇಲೆ ಕೆಲವು ದಿನ ವಯಸ್ಸಾದವರ ಮನೆಗೆ ಹೋಗಬೇಡಿ.

ಇನ್ನು ನಿಮ್ಮ ಅಡ್ವಾನ್ಸ್. ಹೋಟೆಲಿಗೆ ಇವತ್ತೇ ಫೋನ್ ಮಾಡಿ, ದುಡ್ಡು ವಾಪಸ್ ಕೇಳುವ ಬದಲು ತಾರೀಖು ಮುಂದಕ್ಕೆ ಹಾಕಿಕೊಡಿ ಅಂತ ಕೇಳಿ. ದುಡ್ಡು ಅವರ ಹತ್ತಿರವೇ ಉಳಿಯುವುದರಿಂದ ಬಹಳ ಜನ ಒಪ್ಪುತ್ತಾರೆ, ಈ ತಿಂಗಳ ಸಂಬಳ ಕೊಡಲೂ ಅವರಿಗೆ ಅದು ನೆರವಾಗುತ್ತದೆ.